ಒಳಲೆ, ಸೀಸೆ, ಪಂಪು

ಕೆಲವು ತಿಂಗಳ ಹಿಂದೆ ಬಸವನಗುಡಿಯಲ್ಲಿರುವ ನಮ್ಮ ನಂಟರ ಮನೆಗೆ ಬಾಣಂತಿಯನ್ನು ನೋಡಿಬರಲು ಹೋಗಿದ್ದೆ. ಕೂಸು ಹುಟ್ಟಿ ಒಂಬತ್ತು ದಿನವಾಗಿತ್ತು. ದಿನ ತುಂಬುವುದಕ್ಕೆ ನಾಲ್ಕು ವಾರ ಮೊದಲೇ ಹುಟ್ಟಿದ್ದರಿಂದ ಅದರ ಮೈಯಲ್ಲಿ ಕಸುವಿರಲಿಲ್ಲ; ಮೊಲೆಗೆ ಹಚ್ಚಿದರೆ ನಾಲ್ಕು ಸಲ ಚೀಪಿ ನಿದ್ದೆಹೋಗುತ್ತಿತ್ತು. ಇತ್ತ ತಾಯಿಗೆ ತೊಟ್ಟು ಒಡೆದು, ಎದೆ ಕಲ್ಲಿನಂತೆ ಬಿಗಿದು ನೋವು ತಡೆಯಲಾರದಂತಾಗಿತ್ತು. ಮಗುವಿನ ತೂಕ ಇಳಿಯುತ್ತ ಬಂದುದನ್ನು ಕಂಡು ವೈದ್ಯರು, ಹಾಲನ್ನು ಪಂಪಿನಿಂದ ತೆಗೆದು ಕುಡಿಸುವಂತೆ ಹೇಳಿದ್ದರು. ನಡುಮನೆಯ ಮೇಜಿನ ಮೇಲೆ ಪಂಪಿನ ಬಿಡಿಭಾಗಗಳೂ ಎರಡು ಸೀಸೆಗಳೂ ಕುದಿವ ನೀರಿನಲ್ಲಿ ಮಿಂದು, ಒಗೆದ ಬಟ್ಟೆಯ ಮೇಲೆ ಬೋರಲು ಮಲಗಿದ್ದವು.

ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯಜ್ಜಿ ಒಬ್ಬರಿದ್ದಾರೆ. ಆರು ಮಕ್ಕಳನ್ನು ಹೆತ್ತು ಸಾಕಿದವರು. ಅವರು ಆ ಸಾಮಗ್ರಿಯನ್ನು ನೋಡಿ, "ಏನೇ ಇದು, ಹಸುವಿಗೆ ಹಾಕೋ ಯಂತ್ರ ಇದ್ದ ಹಾಗಿದೆಯಲ್ಲೇ! ನಾವೆಲ್ಲ ಹೀಗೇ ಮಕ್ಕಳನ್ನ ಸಾಕಿದೆವೇ?" ಎಂದರು. ಬಾಣಂತಿ, "ನಾನೇನು ಮಾಡಲಿ ಅಜ್ಜಿ? ಹಾಲಿದೆ, ಮಗು ಕುಡಿಯಲ್ಲ" ಎಂದಳು. ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿಬಂದಿತ್ತು. ತಾನು ಏನೋ ತಪ್ಪು ಮಾಡುತ್ತಿರುವೆನೆಂಬ ಅಳುಕು ಅವಳ ಮಾತಿನಲ್ಲಿ ಸ್ಪಷ್ಟವಾಗಿತ್ತು.

ಅಂದಿನಿಂದ ಈ ವಿಚಾರ ನನ್ನ ಮನಸ್ಸನ್ನು ಬಿಟ್ಟಿಲ್ಲ. ತಾಯಿ ಮೊಲೆಯೂಡುವುದೇ ಸನಾತನ, ಪಾತ್ರೆಯಲ್ಲಿ ಕುಡಿಸುವುದು ನಿನ್ನೆ ಮೊನ್ನೆಯ ನಾಗರಿಕತೆ ತಂದ ಸೋಗು ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಇತಿಹಾಸ ಹಾಗೆ ಹೇಳುವುದಿಲ್ಲ. ತಾಯ ಮೊಲೆ ದೊರೆಯದ ಕೂಸು ಎಲ್ಲ ಕಾಲಕ್ಕೂ ಇತ್ತು. ಅದನ್ನು ಬದುಕಿಸಲು ಮನುಷ್ಯ ಏನೇನು ಮಾಡಿದ, ಅದರ ಬೆಲೆಯನ್ನು ಯಾರು ತೆತ್ತರು ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ಆಯುರ್ವೇದ ಗ್ರಂಥಗಳನ್ನೇ ನೋಡಬಹುದು. ಚರಕನೂ ಸುಶ್ರುತನೂ ಮೊಲೆಯೂಡುವ ಧಾತ್ರಿ ಹೇಗಿರಬೇಕು, ಅವಳ ಆರೋಗ್ಯ, ಆಹಾರ, ನಡತೆ ಎಂಥವಾಗಿರಬೇಕು ಎಂಬುದನ್ನು ವಿವರವಾಗಿ ಹೇಳಿದ್ದಾರೆ. ಮೊಲೆಹಾಲು ಸಿಕ್ಕದಿದ್ದಲ್ಲಿ ಆಡಿನ ಹಾಲನ್ನೋ ಹಸುವಿನ ಹಾಲನ್ನೋ ಕೊಡಬಹುದೆಂದು ವಾಗ್ಭಟ ವಿಧಿಸಿದ್ದಾನೆ. ಎಲ್ಲ ತಾಯಂದಿರಿಗೂ ಎಲ್ಲ ಹೊತ್ತಿನಲ್ಲೂ ಮೊಲೆಯೂಡುವುದು ಸಾಧ್ಯವಾಗದೆಂಬುದನ್ನು ಆ ವೈದ್ಯರು ಬಲ್ಲವರಾಗಿದ್ದರು. ಹಾಲಿಲ್ಲದ ತಾಯನ್ನು ಗದರಿಸಿ ಕುಳಿತುಕೊಳ್ಳದೆ ಮುಂದಿನ ದಾರಿಯನ್ನು ಹೇಳಿದರು.

ಯುರೋಪಿನಲ್ಲಿಯೂ ಇದಕ್ಕೆ ಪುರಾತನ ಸಾಕ್ಷಿಗಳುಂಟು. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ಕಂಚಿನ ಯುಗದ ಕೊನೆಗೂ ಕಬ್ಬಿಣದ ಯುಗದ ಮೊದಲಿಗೂ ಸೇರಿದ ಶಿಶುಗಳ ಸಮಾಧಿಗಳಲ್ಲಿ ಅಂಗೈಯಷ್ಟು ಚಿಕ್ಕ ಮಣ್ಣಿನ ಪಾತ್ರೆಗಳು ದೊರೆತಿವೆ. ಅವುಗಳಿಗೆ ಹಾಲು ಸುರಿಯಲು ಸಣ್ಣ ಕೊಳವೆಯಂಥ ಮೂತಿಯಿದೆ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಜೂಲಿ ಡನ್ ಮತ್ತು ಅವರ ಸಂಗಡಿಗರು ಅಂಥ ಮೂರು ಪಾತ್ರೆಗಳ ಒಳಮೈಗೆ ಅಂಟಿದ್ದ ಜಿಡ್ಡನ್ನು ಪರೀಕ್ಷಿಸಿ, ಅದು ಮೆಲುಕು ಹಾಕುವ ಪ್ರಾಣಿಗಳ ಹಾಲಿನದೆಂದು 2019ರಲ್ಲಿ ಪ್ರಕಟಿಸಿದರು. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಯಾರೋ ಒಬ್ಬಳು ತನ್ನ ಕೂಸಿಗೆ ಪಾತ್ರೆಯಲ್ಲಿ ಹಾಲು ಕುಡಿಸಿದ್ದಳು. ಕೂಸು ಉಳಿಯದೆ ಹೋದಾಗ ಅದರ ಜೊತೆಯಲ್ಲಿ ಆ ಪಾತ್ರೆಯನ್ನೂ ಮಣ್ಣಿಗಿಟ್ಟಿದ್ದಳು.

ನಮ್ಮ ಕಡೆಯ ಅಂಥ ಪಾತ್ರೆಯ ಹೆಸರು ಒಳಲೆ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಈಗಲೂ ಹಿತ್ತಾಳೆಯದೋ ಕಂಚಿನದೋ ಬೆಳ್ಳಿಯದೋ ಒಂದು ಒಳಲೆ ಸಿಕ್ಕೀತು. ಅರ್ಧ ಅಂಗೈಯಗಲದ ಬಟ್ಟಲು. ಒಂದು ಪಕ್ಕಕ್ಕೆ ಹಕ್ಕಿಯ ಕೊಕ್ಕಿನಂತೆ ಚಾಚಿದ ತೆರೆದ ಮೂತಿ. ತಮಿಳರು ಇದನ್ನೇ ಪಾಲಾಡೈ ಎನ್ನುತ್ತಾರೆ. ಮೇಲೆಲ್ಲ ತೆರೆದಿರುವುದರಿಂದ ಒಳಗಿನ ಮೂಲೆಮೂಲೆಗೂ ಬೆರಳು ಹೋಗುತ್ತದೆ, ತಿಕ್ಕಿ ತೊಳೆಯಬಹುದು, ಕುದಿಸಬಹುದು. ಸಾಧಾರಣವಾದ ಈ ಗುಣದ ಮಹಿಮೆ ಎಷ್ಟೆಂಬುದು ಸೀಸೆಯ ಕಥೆ ಓದಿದವರಿಗೇ ಗೊತ್ತು. ಆ ಕಥೆಗೆ ಮೊದಲು ದಾದಿಯರ ವಿಷಯ ಹೇಳಬೇಕು.

ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಹೆತ್ತ ತಾಯೇ ಮೊಲೆಯೂಡುವುದು ಅಪರೂಪವಾಗಿತ್ತು. ಅಲ್ಲಿಯ ಪೊಲೀಸ್ ಮುಖ್ಯಾಧಿಕಾರಿ ಲನ್ವಾರ್ 1780ರಲ್ಲಿ ಕೊಟ್ಟ ಅಂದಾಜಿನಂತೆ, ವರ್ಷಕ್ಕೆ ಹುಟ್ಟುತ್ತಿದ್ದ ಸುಮಾರು 21,000 ಮಕ್ಕಳಲ್ಲಿ ತಾಯ ಮೊಲೆಯುಂಡವು ಹೆಚ್ಚುಕಡಮೆ ಒಂದು ಸಾವಿರ. ಉಳಿದವುಗಳಲ್ಲಿ ಬಹುಪಾಲು ಹಳ್ಳಿಗಳ ದಾದಿಯರ ಪಾಲಾಗುತ್ತಿದ್ದವು. ಶ್ರೀಮಂತರ ಹೆಂಡಿರು ಮಾತ್ರವಲ್ಲ, ದಿನವಿಡೀ ಅಂಗಡಿಯಲ್ಲೂ ಮಗ್ಗದಲ್ಲೂ ದುಡಿಯಬೇಕಾದ ಸಾಮಾನ್ಯ ಹೆಂಗಸರೂ ಕೂಸುಗಳನ್ನು ಹೀಗೆ ಕಳಿಸುತ್ತಿದ್ದರು. ಗಾಡಿಯಲ್ಲಿ ಹೋದ ಮಕ್ಕಳಲ್ಲಿ ಹಿಂದಿರುಗಿ ಬಾರದವು ಎಷ್ಟೋ. ತಾಯಂದಿರೇ ಮೊಲೆಯೂಡಬೇಕೆಂದು ರೂಸೋ ತನ್ನ 'ಎಮೀಲ್' ಗ್ರಂಥದಲ್ಲಿ 1762ರಲ್ಲಿ ಸಾರಿದ. ಉಪದೇಶ ಜನಪ್ರಿಯವಾಯಿತು. ಆದರೆ ಆ ಮಹಾಶಯ ತನಗೆ ಹುಟ್ಟಿದ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಸೇರಿಸಿದ್ದನೆಂಬುದು ಅವನೇ ಒಪ್ಪಿಕೊಂಡ ಸಂಗತಿ. ತಾಯಂದಿರಿಗೆ ಉಪದೇಶ ಮಾಡುವವರ ಪರಂಪರೆಯಲ್ಲಿ ಇದು ನೆನಪಿನಲ್ಲಿಡತಕ್ಕ ಮಾತು.

ದಾದಿಗೂ ಒಂದು ಕೂಸಿರುತ್ತದೆ. ಇಲ್ಲದಿದ್ದರೆ ಅವಳಲ್ಲಿ ಹಾಲೆಲ್ಲಿಯದು? ಪಟ್ಟಣದ ಮಗುವಿಗೆ ಮಾರಿದ ಹಾಲು ಅವಳ ಮಗುವಿನ ಬಾಯಿಂದ ತೆಗೆದದ್ದು. ಫ್ರಾನ್ಸ್ ದೇಶ 1874ರಲ್ಲಿ ಜಾರಿಗೆ ತಂದ ರೂಸೆಲ್ ಕಾಯಿದೆ ಈ ಕಟುಸತ್ಯವನ್ನು ಗುರುತಿಸಿತು. ದಾದಿಯಾಗಬಯಸುವ ಹೆಂಗಸು ತನ್ನ ಕೂಸಿಗೆ ಏಳು ತಿಂಗಳು ತುಂಬಿದೆಯೆಂದು, ಇಲ್ಲವೆ ಅದಕ್ಕೆ ಬೇರೊಬ್ಬಳು ಮೊಲೆಯೂಡುತ್ತಿರುವಳೆಂದು ಪ್ರಮಾಣಪತ್ರ ತೋರಿಸಬೇಕಾಯಿತು.

ಇಂಗ್ಲೆಂಡಿನ ಕಥೆ ಬೇರೆ ಬಗೆಯದು. ಅಲ್ಲಿ ಹತ್ತಿಯ ಗಿರಣಿಗಳು ತಾಯಂದಿರನ್ನು ಕೂಸುಗಳಿಂದ ಬೇರ್ಪಡಿಸಿದವು. ಅಮೆರಿಕದ ಅಂತರ್ಯುದ್ಧ 1861ರಲ್ಲಿ ಆರಂಭವಾಗಿ ಹತ್ತಿಯ ಸರಬರಾಜು ನಿಂತಾಗ ಲಂಕಾಷೈರಿನ ಗಿರಣಿಗಳು ಮುಚ್ಚಿಕೊಂಡವು. ನಮ್ಮ ಧಾರವಾಡ ಸೀಮೆಯ ಹತ್ತಿಗೆ ಹಿಂದೆ ಕಂಡರಿಯದ ಬೆಲೆ ಬಂದುದು ಆಗಲೇ. ಇಲ್ಲಿ ರೈತನ ಕೈಯಲ್ಲಿ ಹಣ ಓಡಾಡುತ್ತಿದ್ದಾಗ ಅಲ್ಲಿ ಕೂಲಿಯವರು ಹಸಿದು ಕುಳಿತಿದ್ದರು. ಆ ಬವಣೆಯ ಮಧ್ಯದಲ್ಲೂ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು: ಕೂಲಿಯಿಲ್ಲದೆ ಮನೆಯಲ್ಲಿ ಉಳಿದ ತಾಯಂದಿರು ಮೊಲೆಯೂಡತೊಡಗಿದ್ದರಿಂದ ಶಿಶುಗಳ ಸಾವು ಇಳಿಯಿತು. ಅದಕ್ಕೆ ಮೊದಲು ಗಿರಣಿಗೆ ಹೊರಟ ತಾಯಿ ಕೂಸನ್ನು ಮಲಗಿಸಲು ಅಫೀಮು ಬೆರೆಸಿದ ಔಷಧ ಕುಡಿಸಿಹೋಗುವ ರೂಢಿಯಿತ್ತು. ಕಾರ್ಲ್ ಮಾರ್ಕ್ಸ್ 1867ರಲ್ಲಿ ಪ್ರಕಟಿಸಿದ 'ಬಂಡವಾಳ'ದ ಮೊದಲ ಸಂಪುಟದಲ್ಲಿ ಈ ಸಂಗತಿಯನ್ನು ಎತ್ತಿ ಹೇಳಿದ್ದಾನೆ.

ದಾದಿಗೆ ಕೊಡಲು ಹಣವಿಲ್ಲದ, ಮನೆಯಲ್ಲಿರಲು ಬಿಡುವಿಲ್ಲದ ಇಂಥ ತಾಯಂದಿರ ನಡುವೆ ಸೀಸೆ ಬಂತು. ಅಮೆರಿಕದಲ್ಲಿ 1841ರಲ್ಲಿ ಚಾರ್ಲ್ಸ್ ವಿಂಡ್‌ಶಿಪ್ ಎಂಬವನು ಗಾಜಿನ ಹಾಲುಸೀಸೆಗೂ, 1845ರಲ್ಲಿ ಎಲೈಜಾ ಪ್ರ್ಯಾಟ್ ಎಂಬವನು ರಬ್ಬರಿನ ತೊಟ್ಟಿಗೂ ಹಕ್ಕುಪತ್ರ ಪಡೆದರು. ಮುಂದಿನ ದಶಕಗಳಲ್ಲಿ ಉದ್ದನೆಯ ರಬ್ಬರು ಕೊಳವೆಯ ಸೀಸೆ ಇಂಗ್ಲೆಂಡು, ಫ್ರಾನ್ಸುಗಳಲ್ಲಿ ಮನೆಮನೆಗೂ ಹಬ್ಬಿತು. ಸೀಸೆಯನ್ನು ತೊಟ್ಟಿಲಲ್ಲಿಟ್ಟು ಕೊಳವೆಯ ತುದಿಯನ್ನು ಬಾಯಿಗಿಟ್ಟರಾಯಿತು, ಕೂಸು ತಾನಾಗಿ ಚೀಪಿಕೊಳ್ಳುವುದು. ತಾಯಿಗೆ ಕೈ ಬಿಡುವು. ಆದರೆ ಆ ಕೊಳವೆಯ ಒಳಗೆ ಬೆರಳೂ ಹೋಗದು, ಬ್ರಷೂ ಹೋಗದು. ಹಾಲು ಅಲ್ಲಿಯೇ ಹುಳಿತು, ಒಡೆದು, ಹೆಪ್ಪುಗಟ್ಟಿ ಕುಳಿತುಬಿಡುತ್ತಿತ್ತು. ರೋಗಾಣುಗಳ ತತ್ತ್ವ ಇನ್ನೂ ನೆಲೆಗೊಂಡಿರದ ಕಾಲ. ಬೇಸಗೆ ಬಂತೆಂದರೆ ಭೇದಿಯಿಂದ ಕೂಸುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಕಡೆಗೆ ಜನರೇ ಅದನ್ನು ಕೊಲೆಗಡುಕ ಸೀಸೆ ಎಂದು ಕರೆದರು. ಫ್ರಾನ್ಸ್ ಸರ್ಕಾರ 1910ರಲ್ಲಿ ಅದರ ಮಾರಾಟವನ್ನು ನಿಷೇಧಿಸಿತು.

ಪಾತ್ರೆಯೊಳಗಣ ಹಾಲೂ ಆ ಹೊತ್ತಿಗೆ ಬದಲಾಗುತ್ತಿತ್ತು. ಗೇಲ್ ಬೋರ್ಡನ್ 1856ರಲ್ಲಿ ಗಟ್ಟಿಹಾಲಿನ ವಿಧಾನಕ್ಕೆ ಹಕ್ಕುಪತ್ರ ಪಡೆದ. ರಸಾಯನಶಾಸ್ತ್ರಜ್ಞ ಲೀಬಿಗ್ 1865ರಲ್ಲಿ ತಾಯಿಹಾಲಿಗೆ ಬದಲಾಗಬಲ್ಲುದೆಂದು ಒಂದು ಶಿಶು ಆಹಾರವನ್ನು ಸೂಚಿಸಿದ. ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ 1867ರಲ್ಲಿ ಹಾಲುಹಿಟ್ಟನ್ನು ಮಾರತೊಡಗಿದ. ಜರ್ಮನಿಯ ಸೋಕ್ಸ್‌ಲೆಟ್ 1886ರಲ್ಲಿ ಸೀಸೆಯ ಹಾಲನ್ನು ಕಾಯಿಸಿ ರೋಗಾಣುಗಳನ್ನು ಕೊಲ್ಲುವ ಸಾಧನವನ್ನು ಬಳಕೆಗೆ ತಂದ. ಪ್ಯಾರಿಸಿನ ವೈದ್ಯ ಪಿಯೇರ್ ಬ್ಯೂದಾಂ 1892ರಲ್ಲಿ ಬಾಣಂತಿಯರಿಗಾಗಿ ಸಲಹಾಕೇಂದ್ರವನ್ನು ತೆರೆದು, ಮೊಲೆಯೂಡಲು ಸಾಧ್ಯವಿದ್ದವರಿಗೆ ಉತ್ತೇಜನವನ್ನೂ ಇಲ್ಲದವರಿಗೆ ಶುದ್ಧವಾದ ಹಾಲನ್ನೂ ಕೊಟ್ಟು, ಮಕ್ಕಳನ್ನು ತಪ್ಪದೆ ತೂಕ ಹಾಕಿ ನೋಡಿದರು. ಅವರ ಮಾರ್ಗದಲ್ಲಿ ದೂಷಣೆಗೆ ಎಡೆಯಿರಲಿಲ್ಲ. ಕೂಸುಗಳು ಉಳಿದುಕೊಂಡವು.

ಇಷ್ಟರವರೆಗೆ ನಾವು ಕಂಡ ಪಾತ್ರೆಗಳಲ್ಲಿ ಇದ್ದುದು ಹಸುವಿನ ಹಾಲು, ಇಲ್ಲವೆ ಡಬ್ಬಿಯ ಹಿಟ್ಟು. ತಾಯ ಹಾಲನ್ನೇ ತೆಗೆದು ಪಾತ್ರೆಯಲ್ಲಿ ಅವಳ ಕೂಸಿಗೆ ಕುಡಿಸುವ ಮೂರನೆಯ ದಾರಿ ಹಿಂದೆ ಕೈಯಿಂದ ಹಿಂಡಿದಷ್ಟಕ್ಕೆ ಸೀಮಿತವಾಗಿತ್ತು. ಹಾಲು ಸೆಳೆಯುವ ಗಾಜಿನ ಸಾಧನಗಳು ಹದಿನಾರನೆಯ ಶತಮಾನದ ವೈದ್ಯಗ್ರಂಥಗಳಲ್ಲಿಯೇ ಕಾಣಬರುತ್ತವೆ. ಆದರೆ ಬಿಗಿದ ಎದೆಯ ನೋವನ್ನು ಇಳಿಸುವುದು, ಒಳಕ್ಕೆ ಸೇರಿದ ತೊಟ್ಟನ್ನು ಹೊರತೆಗೆಯುವುದು ಇವೇ ಅವುಗಳ ಮುಖ್ಯ ಉದ್ದೇಶ. ಅಮೆರಿಕದ ಓರ್ವೆಲ್ ನೀಡಮ್ ಎಂಬವನು 1854ರ ಜೂನ್ 20ರಂದು ಇಂಥ ಪಂಪಿಗೆ ಆ ದೇಶದ ಮೊದಲ ಹಕ್ಕುಪತ್ರವನ್ನು ಪಡೆದ.

ಪಂಪಿನ ಪ್ರಯೋಜನವನ್ನು ಬದಲಿಸಿದವು ದಿನ ತುಂಬದೆ ಹುಟ್ಟಿದ ಕೂಸುಗಳು. ಅವು ಚೀಪಲಾರವು; ತಾಯಿಹಾಲಿಲ್ಲದೆ ಬದುಕಲಾರವು. ಆದ್ದರಿಂದ ಆಸ್ಪತ್ರೆಗಳು ದಾದಿಯರನ್ನು ಸಂಬಳಕ್ಕೆ ಇರಿಸಿಕೊಂಡು ಅವರ ಹಾಲನ್ನು ಹಿಂಡಿಸಿ ಕುಡಿಸುತ್ತಿದ್ದವು. 1909ರಲ್ಲಿ ವಿಯೆನ್ನಾ ನಗರದಲ್ಲಿ ಮೊದಲ ತಾಯಿಹಾಲಿನ ಭಂಡಾರವೂ ತೆರೆಯಿತು. ಚಿಕಾಗೋದ ಶಿಶುವೈದ್ಯ ಐಸಾಕ್ ಆಬ್ಟ್ ಅವರ ಹೆಸರಿನ ವಿದ್ಯುತ್ ಪಂಪನ್ನು 1920ರ ದಶಕದಲ್ಲಿ ರೂಪಿಸಿದವನು ಎಡ್ವರ್ಡ್ ಲಾಸ್ಕರ್. ವೃತ್ತಿಯಿಂದ ಇಂಜಿನಿಯರು, ಪ್ರವೃತ್ತಿಯಿಂದ ಚದುರಂಗದ ಪಟು. 1924ರ ಪ್ರಸಿದ್ಧ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ಜಗಜ್ಜಟ್ಟಿಗಳೆದುರು ಕುಳಿತವನು. ಚದುರಂಗ ತಂದುಕೊಡದ ಸಿರಿಯನ್ನು ಅವನಿಗೆ ಈ ಪಂಪು ತಂದುಕೊಟ್ಟಿತು.

ಮುಂದಿನ ಹೆಜ್ಜೆ ಸ್ವೀಡನ್ನಿನದು. ಐನಾರ್ ಎಗ್ನೆಲ್ ಎಂಬ ಇಂಜಿನಿಯರು, ಎಷ್ಟು ಬಲವಾಗಿ ಎಳೆದರೆ ಹಾಲು ಬರುತ್ತದೆ, ಎಷ್ಟಕ್ಕೆ ಮೀರಿದರೆ ಮೈಗೆ ಗಾಯವಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ 1956ರಲ್ಲಿ ಪ್ರಕಟಿಸಿದ. ಅವನಿಗೆ ನೆರವಾದ ಸ್ಟಾಕ್‌ಹೋಮಿನ ದಾದಿ ಸಿಸ್ಟರ್ ಮಾಯಾ ಅವರ ಹೆಸರನ್ನೇ ಆ ಪಂಪಿಗೆ ಇಡಲಾಯಿತು. ಹಸುಗಳ ಹಾಲು ಕರೆಯುವ ಯಂತ್ರದಿಂದಲೂ ಅವನು ಪಾಠ ಕಲಿತಿದ್ದನೆಂಬುದನ್ನು ಹೇಳಬೇಕು. ನಮ್ಮ ಹಿರಿಯಜ್ಜಿಯ ಮಾತು ಪೂರ್ಣ ತಪ್ಪಲ್ಲ. ಆಸ್ಪತ್ರೆಯ ಗೋಡೆಯೊಳಗಿದ್ದ ಈ ಯಂತ್ರ 1990ರ ದಶಕದಲ್ಲಿ ಚಿಕ್ಕದಾಗಿ, ಕೈಚೀಲದಲ್ಲಿ ಕುಳಿತು ಮನೆಗೂ ಕಚೇರಿಗೂ ಹೊರಟಿತು.

ದಾದಿಯ ಕೂಸು ತೆರುತ್ತಿದ್ದ ಬೆಲೆಗೆ ಇಲ್ಲಿ ಎಡೆಯಿಲ್ಲ. ತಾಯಿಯ ಹಾಲು ಅವಳ ಮಗುವಿಗೇ. ಕೊಳವೆಯ ಸೀಸೆಯ ಅಪಾಯವೂ ಶುಚಿಯಿಟ್ಟುಕೊಂಡವರಿಗಿಲ್ಲ. ಹಾಗಾದರೆ ಬೆಲೆಯನ್ನು ಯಾರೂ ತೆರುತ್ತಿಲ್ಲವೆ? ಅಮೆರಿಕದತ್ತ ನೋಡಬಹುದು. ಅಲ್ಲಿ 1993ರ ಕಾಯಿದೆ ಹೆರಿಗೆಗೆ ಕೊಟ್ಟಿದ್ದು ಹನ್ನೆರಡು ವಾರದ ಸಂಬಳವಿಲ್ಲದ ರಜೆ. 2010ರ ಕಾಯಿದೆ, ಕೆಲಸದ ಸ್ಥಳದಲ್ಲಿ ಹಾಲು ತೆಗೆಯಲು ಬಿಡುವನ್ನೂ ಶೌಚಾಲಯವಲ್ಲದ ಮರೆಯ ಜಾಗವನ್ನೂ ಕೊಡಬೇಕೆಂದಿತು. ತಾಯಿಯನ್ನು ಕೂಸಿನ ಬಳಿಗೆ ಕಳಿಸುವುದಕ್ಕಿಂತ ಹಾಲನ್ನು ಕಳಿಸುವುದು ಮಾಲೀಕರಿಗೆ ಅಗ್ಗ. ನಮ್ಮಲ್ಲಿ 1961ರ ಹೆರಿಗೆ ಸೌಲಭ್ಯ ಕಾಯಿದೆ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡುವ ಬಿಡುವನ್ನು ವಿಧಿಸಿತು; 2017ರ ತಿದ್ದುಪಡಿ ಸಂಬಳಸಹಿತ ರಜೆಯನ್ನು ಮೊದಲೆರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. ಉದಾರವಾದ ಮಾತು. ಆದರೆ ಕಟ್ಟಡದ ಕೂಲಿಗೂ ಮನೆಗೆಲಸಕ್ಕೂ ಹೋಗುವ ತಾಯಿಗೆ ರಜೆಯೂ ಇಲ್ಲ, ಪಂಪೂ ಇಲ್ಲ.

ಸೀಸೆಗೆ ನಮ್ಮ ದೇಶದಲ್ಲಿ ಕೆಟ್ಟ ಹೆಸರು ಬಂದುದು ಕಾರಣವಿಲ್ಲದೆ ಅಲ್ಲ. ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದಲ್ಲಿ ಮಾಡಿದ ಭಾಷಣಕ್ಕೆ 'ಹಾಲು ಮತ್ತು ಕೊಲೆ' ಎಂದೇ ಹೆಸರಿಟ್ಟಿದ್ದರು. ಬಡ ತಾಯಂದಿರಿಗೆ ಸಿಹಿ ಗಟ್ಟಿಹಾಲಿನ ಡಬ್ಬಿಯನ್ನು ಶ್ರೇಷ್ಠವೆಂದು ನಂಬಿಸಿದ ಪ್ರಚಾರವನ್ನು ಆಕೆ ಕಟುವಾಗಿ ಖಂಡಿಸಿದರು. ಇತ್ತ ಮೈಸೂರಿನ ಚೆಲುವಾಂಬಾ ಬಂಗಲೆಯಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಕೊಬ್ಬು ಹೆಚ್ಚಿರುವ ಎಮ್ಮೆಯ ಹಾಲಿನಿಂದಲೂ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಆನಂದದ ಸಹಕಾರ ಸಂಘ ಅದನ್ನು ತಯಾರಿಸಿ ವಿದೇಶಿ ಡಬ್ಬಿಯ ಮೇಲಿನ ಅವಲಂಬನೆಯನ್ನು ತಗ್ಗಿಸಿತು. ಡಬ್ಬಿಯ ಹಾಲಿನಿಂದ ಬದುಕಿದ ಮಕ್ಕಳೂ ಅನೇಕ. ಆದರೆ ಕೊಳೆನೀರಿನಲ್ಲಿ ಕಲಸಿ, ದುಡ್ಡು ಸಾಲದೆ ತೆಳುಮಾಡಿ ಕುಡಿಸಿದಲ್ಲಿ ಅದೇ ಹಾಲು ಮೃತ್ಯುವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಈ ಪದಾರ್ಥಗಳ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು 118 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಕಾಯಿದೆ ಮಾಡಿ ಹಾಲುಪುಡಿಯ ಜೊತೆಗೆ ಸೀಸೆಯ ಜಾಹೀರಾತನ್ನೂ ನಿಷೇಧಿಸಿತು.

ಆ ಕಾಯಿದೆಗಳ ಗುರಿ ವ್ಯಾಪಾರಿ. ಆದರೆ ಲೋಕದ ಬಾಯಲ್ಲಿ ಗುರಿ ತಪ್ಪಿ, ಸೀಸೆ ಹಿಡಿದ ತಾಯಿಯೇ ಅಪರಾಧಿ ಎಂಬಂತಾಯಿತು. ಸೀಸೆಯಲ್ಲಿರುವುದು ಅವಳದೇ ಹಾಲಾಗಿದ್ದರೂ ಆ ನೋಟ ತಪ್ಪುವುದಿಲ್ಲ.

ಪಂಪಿನ ದಾರಿ ಸುಲಭವೆಂದು ಯಾರೂ ತಿಳಿಯಬಾರದು. ಎದೆಯಿಂದ ಎಷ್ಟು ಹಾಲು ಹೊರಹೋಗುವುದೋ ಅಷ್ಟೇ ಮತ್ತೆ ಕೂಡುತ್ತದೆ. ತೆಗೆಯದೆ ಬಿಟ್ಟರೆ ಬತ್ತುತ್ತದೆ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದರಿಂದ ಪಂಪಿಗೂ ಸುಮಾರು ಅಷ್ಟೇ ಸಲ ಕೂರಬೇಕು. ಹಾಲು ಕೂಡಿಸುವ ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಾಗಿ ಸ್ರವಿಸುವುದರಿಂದ ನಡುರಾತ್ರಿಯೂ ತಪ್ಪಿಸುವಂತಿಲ್ಲ. ಹಾಲನ್ನು ಕೆಳಗಿಳಿಸುವ ಆಕ್ಸಿಟೋಸಿನ್‌ಗೆ ಮನಸ್ಸಿನ ನೆಮ್ಮದಿ ಬೇಕು. ಬೈಗುಳ ಕೇಳಿದ ತಾಯಿಗೆ ಹಾಲಿಳಿಯುವುದು ತಡವಾದರೆ ಆಶ್ಚರ್ಯವಿಲ್ಲ. ಅದರ ಮೇಲೆ, ಸೀಸೆಯ ಗೀಟುಗಳು ಹೊಸದೊಂದು ಭಯವನ್ನು ತಂದಿವೆ. ಮೊಲೆಯಲ್ಲಿ ಎಷ್ಟು ಹಾಲಿತ್ತೆಂದು ನಮ್ಮ ಅಜ್ಜಿಯರಿಗೆ ಕಾಣುತ್ತಿರಲಿಲ್ಲ; ಮಗು ಮಲಗಿತೆಂದರೆ ಸಾಕಾಗಿತ್ತು. ಈಗ ಮೂವತ್ತು ಮಿಲಿಲೀಟರಿನ ಗೀಟು ಮುಟ್ಟದಿದ್ದರೆ ತಾಯ ಎದೆ ಹಾರುತ್ತದೆ. ಮೊದಲೆರಡು ದಿನದ ಗಿಣ್ಣುಹಾಲು ಚಮಚೆಗಳ ಲೆಕ್ಕದಲ್ಲಿಯೇ ಬರುವುದೆಂದೂ ಆ ಎಳೆಯ ಹೊಟ್ಟೆಗೆ ಅಷ್ಟೇ ಸಾಕೆಂದೂ ಅವಳಿಗೆ ತಿಳಿಸಿ ಹೇಳುವವರು ಬೇಕು.

ಈ ಮಾತುಗಳಲ್ಲಿ ಕೆಲವನ್ನು ನಾನು ಅಂದು ಬಸವನಗುಡಿಯ ಮನೆಯಲ್ಲಿ ಹೇಳಿದೆ. ಹಾಲು ಹೆಚ್ಚಿದ ತಾಯಂದಿರು ಪಂಪಿನಿಂದ ತೆಗೆದುಕೊಟ್ಟದ್ದನ್ನು ಬೇರೆ ಕೂಸುಗಳಿಗೆ ಕುಡಿಸುವ ಭಂಡಾರವನ್ನು ವೈದ್ಯೆ ಅರ್ಮಿಡಾ ಫರ್ನಾಂಡಿಸ್ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿಯೇ ತೆರೆದರೆಂದೂ, ನಮ್ಮ ಆಸ್ಪತ್ರೆಗಳಲ್ಲಿ ಎಳೆಗೂಸುಗಳಿಗೆ ಹಾಲು ಕುಡಿಸಲು ಸೀಸೆಗಿಂತ ಒಳಲೆಯನ್ನೇ ಮೆಚ್ಚುವುದುಂಟೆಂದೂ ತಿಳಿಸಿದೆ. ಹಿರಿಯಜ್ಜಿ ಕೊನೆಯ ಮಾತಿಗೆ ಕಿವಿಗೊಟ್ಟರು. "ಒಳಲೆಯೇ? ನನ್ನ ಮೂರನೆಯವನಿಗೆ ಹಾಲು ಸಾಲದೆ ಹೋದಾಗ ಆಡಿನ ಹಾಲು ಕುಡಿಸಿದ್ದು ಅದರಲ್ಲೇ" ಎಂದರು. ಸ್ವಲ್ಪ ಹೊತ್ತಿನ ಹಿಂದೆ ಅವರಿಗೆ ಅದು ನೆನಪಿಗೆ ಬಂದಿರಲಿಲ್ಲ.

ಪೆಟ್ಟಿಗೆಯಿಂದ ಒಳಲೆ ಹೊರಗೆ ಬಂತು. ಹುಣಿಸೆಹಣ್ಣಿನಿಂದ ತಿಕ್ಕಿದರು, ಹತ್ತು ನಿಮಿಷ ಕುದಿಸಿದರು. ಬಾಣಂತಿ ತೆಗೆದಿಟ್ಟಿದ್ದ ಹಾಲನ್ನು ಅದಕ್ಕೆ ಹುಯ್ದು, ಕೂಸನ್ನು ಸೊಸೆಯ ಮಡಿಲಲ್ಲಿ ತುಸು ಎತ್ತರಿಸಿ ಕೂರಿಸಿ, ನಡುಗುವ ಕೈಯಿಂದ ಅಜ್ಜಿ ಅದರ ತುಟಿಯಂಚಿಗೆ ಹಿಡಿದರು. ಕೂಸು ಮೊದಲು ಮುಖ ಕಿವುಚಿತು. ಆಮೇಲೆ ಗುಟುಕು ಗುಟುಕಾಗಿ ನುಂಗತೊಡಗಿತು. ಒಳಗಿನ ಕೋಣೆಯಲ್ಲಿ ತಾಯಿ ಎಷ್ಟೋ ದಿನಗಳ ಮೇಲೆ ಎರಡು ಗಂಟೆ ನಿದ್ದೆಮಾಡಿದಳಂತೆ.